ಹೊದಿಕೆಯ ಅಳತೆ

ಬೂವನಹಳ್ಳಿ ಬಯಲಿನ ತಗಡಿನ ಶೆಡ್ಡಿನಲ್ಲಿ
ನಾವು ಐವರು, ಒಂದು ಕರಿಹಲಗೆ,
ಹೊಟ್ಟೆಯ ತಗಡು ಬಿಚ್ಚಿಟ್ಟ ಎರಡು ಸೀಟಿನ ಹಳೇ ವಿಮಾನ.
ಲೋಬೊ ಸರ್ ಕೋಲು ಮುಟ್ಟಿಸುತ್ತ ಹೋದರು:
ಇದು ಸ್ಪಾರು, ರೆಕ್ಕೆಯ ತೊಲೆ.
ಇವು ಪಕ್ಕೆಲುಬು.
ಮೇಲಿನದು ಚರ್ಮ, ಅರ್ಧ ಮಿಲಿಮೀಟರಿಗಿಂತ ಚೂರು ದಪ್ಪ,
ಆದರೂ ಭಾರ ಹೊರುತ್ತೆ, ಬರೀ ಹೊದಿಕೆ ಅಲ್ಲ.
ಬರಕೊಳ್ಳಿ.

ಬರೆದುಕೊಂಡೆ. ನಾಲ್ಕು ಬಾಣ ಎಳೆದೆ,
ಮೇಲಕ್ಕೆ, ಕೆಳಕ್ಕೆ, ಮುಂದಕ್ಕೆ, ಹಿಂದಕ್ಕೆ.
ಕೆಳಗಿನದಕ್ಕೆ ಪಾಠ ಬೇಡ,
ಆಲೂಗಡ್ಡೆ ಮೂಟೆ ಎತ್ತಿದವರಿಗೆಲ್ಲ ಅದು ಗೊತ್ತು.
ಮೇಲಿನದು ಮಾತ್ರ ಪುಸ್ತಕ ಬಿಟ್ಟು ಏಳಲಿಲ್ಲ.
"ಮೇಲಿನ ಗಾಳಿಗೆ ದೂರ ಜಾಸ್ತಿ ಸರ್, ಅದಕ್ಕೇ ಓಡುತ್ತೆ" ಎಂದೆ.
"ಯಾಕೆ? ಹಿಂದಿನ ಅಂಚಿನಲ್ಲಿ ಕೆಳಗಿನ ಗಾಳಿ
ಬಸ್ ಸ್ಟ್ಯಾಂಡಲ್ಲಿ ನಿಂತಂಗೆ ಕಾಯ್ತಾ ಇರುತ್ತಾ?
ಅಂಥ ಕರಾರು ಗಾಳಿಗಿಲ್ಲಮ್ಮ."

ಆ ಮಧ್ಯಾಹ್ನವೇ ದಸ್ತಗೀರ್ ಸಾಬರು ಬಂದದ್ದು,
ಪೆನ್ಷನ್ ಮೊಹಲ್ಲಾದಿಂದ, ಹೊಗೆಯುಗುಳುವ ಮೊಪೆಡ್ಡಿನಲ್ಲಿ,
ವಿಮಾನಕ್ಕೆ ಟಾರ್ಪಾಲು ಹೊಲಿಯುವ ಅಳತೆಗೆ.
ಲಾರಿಗಳಿಗೆ ಮೊಳ ಹಾಕಿ ಪಳಗಿದ ಕೈ
ರೆಕ್ಕೆಯ ಮುಂದಂಚನ್ನು ಸವರಿತು,
ರಿವೆಟ್ಟು ರಿವೆಟ್ಟಿಗೂ ನಿಂತು ಮುಂದೆ ಹೋಯಿತು.
"ಮೇಲೆ ಗೂನು, ಕೆಳಗೆ ಚಪ್ಪಟೆ.
ಓಡೋ ಲಾರಿ ಟಾರ್ಪಾಲಿಗೂ ಇದೇ ಆಕಾರ ಬರುತ್ತೆ.
ಶಿರಾಡಿ ಇಳಿದ ಮೇಲೆ ನೆಟ್ಟಗಿನ ರೋಡು ಸಿಕ್ಕಿ
ಡ್ರೈವರು ಕಾಲು ಒತ್ತಿದ ಅಂದ್ಕೊಳ್ಳಿ,
ಒಳಗಿಂದ ಯಾರೋ ಬೆನ್ನು ಕೊಟ್ಟಂಗೆ ಉಬ್ಬುತ್ತೆ.
ಒಳಗಿರೋದು ಕಾಫಿ ಮೂಟೆ, ಅದಕ್ಕೆಲ್ಲಿ ಬೆನ್ನು?
ಮೇಲೆ ಓಡೋ ಗಾಳಿ ಒತ್ತೋದನ್ನ ಅರ್ಧ ಮರೀತದೆ.
ಒಳಗೆ ನಿಂತ ಗಾಳಿ ಮರೆಯಲ್ಲ, ಅಷ್ಟೇ."

ನನ್ನ ಪುಸ್ತಕದ ಬಾಣದ ಮೇಲೆ ಬೆರಳಿಟ್ಟರು:
"ನೀವು ಇದನ್ನ ಹುಡುಕ್ಕೊಂಡು ಬಂದಿದ್ದೀರ.
ನಾನು ನಲವತ್ತು ವರ್ಷದಿಂದ
ಇದನ್ನೇ ಹಗ್ಗ ಹಾಕಿ ಕಟ್ತಾ ಇದ್ದೀನಿ."

ಲೋಬೊ ಸರ್ ಸೀಮೆಸುಣ್ಣ ಕೆಳಗಿಟ್ಟರು.
"ಪೂರ್ತಿ ಅಲ್ಲ ಸಾಬರೇ,
ರೆಕ್ಕೆ ಗಾಳೀನ ಕೆಳಕ್ಕೂ ದಬ್ಬಬೇಕು."
"ಅದು ನಿಮ್ಮ ಇಲಾಖೆ," ಎಂದು ಟೇಪು ಸುತ್ತಿದರು ಅವರು.
ಹೊರಡುವಾಗ ನನಗೊಬ್ಬಳಿಗೆ:
"ಹೊಸಬರು ಹಗ್ಗ ಎಳೀತಾನೇ ಇರ್ತಾರೆ ಮಗಳೇ.
ಎಳೆದಷ್ಟೂ ಭದ್ರ ಅನ್ನೋದಕ್ಕೆ ಒಂದು ಗಡಿ ಇದೆ.
ದಾಟಿದ್ಯೋ, ಹಿತ್ತಾಳೆ ಕಣ್ಣು ಕಿತ್ಕೊಂಡು
ಬಟ್ಟೆಯೆಲ್ಲ ಪಟಪಟ."

ಏಪ್ರಿಲ್. ಕಡಲಿಗಿಂತ ಮೂರು ಸಾವಿರ ಅಡಿ ಮೇಲಿನ ಈ ಊರಲ್ಲಿ
ಬಿಸಿಲೇರಿದರೆ ಗಾಳಿ ನೀರು ಮಜ್ಜಿಗೆ.
ಚಕ್ರ ನೆಲ ಬಿಡಲು ರನ್‌ವೇ ಸಾಲದೇನೋ ಅನ್ನಿಸುವಷ್ಟು ಓಡಿದೆವು.
ಏಳು ಸಾವಿರದಲ್ಲಿ ಸರ್ ಇಂಜಿನ್ನಿನ ಉಸಿರು ತಗ್ಗಿಸಿ
"ಈಗ ಎತ್ತರ ಬಿಡಬೇಡ, ಎಳಿ" ಅಂದರು.
ಎಳೆದೆ. ಮೂಗು ಎದ್ದಿತು. ಇನ್ನೂ ಎಳೆದೆ.
ಕಿವಿಯ ಹತ್ತಿರ ಪೀಪಿಯೊಂದು ಅಳತೊಡಗಿತು,
ರೆಕ್ಕೆಯ ಬೆನ್ನಿನಿಂದ ಗಾಳಿ ಕಿತ್ತು ಬಂತು,
ಬಾಲದವರೆಗೂ
ಪಟಪಟ.

ಬೀಳುವವಳ ಕೈ ಕೇಳುವುದು ಒಂದನ್ನೇ, ಎಳಿ ಎಳಿ.
ಸಡಿಲ ಬಿಟ್ಟೆ.
ಮೂಗು ಗೊರೂರಿನ ಹಿನ್ನೀರಿನ ಕಡೆ ಬಾಗಿತು,
ಹೊಟ್ಟೆ ಬಾಯಿಗೆ ಬಂತು,
ಒಂದೆರಡು ಕ್ಷಣ ಕಿಟಕಿಯ ತುಂಬ ನೀರು.
ಆಮೇಲೆ ಗಾಳಿ ಬಂದು ರೆಕ್ಕೆಗೆ ಅಂಟಿಕೊಂಡಿತು,
ಏನೂ ಆಗಿಲ್ಲವೆಂಬಂತೆ.
ಸರ್ ಏನೂ ಅನ್ನಲಿಲ್ಲ. ಇನ್ನೊಮ್ಮೆ, ಎಂದರು.

ಸಂಜೆ ನೀಲಿ ಟಾರ್ಪಾಲು ಹೊದಿಸಿದೆವು,
ಗೂಟಗಳಿಗೆ ಹಗ್ಗ ಬಿಗಿದೆವು,
ಎರಡು ಬೆರಳು ತೂರುವಷ್ಟು ಜಾಗ ಬಿಟ್ಟು.
ನಿಂತಲ್ಲೇ ಅದು ಆಗಾಗ ಭುಜ ಎಗರಿಸುತ್ತಿತ್ತು.

ಸಾಬರ ಬಿಲ್ಲು ಆಫೀಸಿನಲ್ಲಿ ಮೂರು ದಿನ ತಡೆಯಿತು.
ನಾಲ್ಕನೆಯ ದಿನ ಲೋಬೊ ಸರ್ ಓದಿ ರುಜು ಹಾಕಿದರು:
ಲಾರಿ ಹೊದಿಕೆ, ಒಂದು.
ರೆಕ್ಕೆ ಸಹಿತ.