ಒಂದೂವರೆ ಸೆಕೆಂಡು

ಕ್ರಿಯಾ ಸಂಶೋಧನೆಯ ಫಾರಂ ಬಂದ ದಿನವೇ
ನೀಲಿ ಇಂಕಿನಲ್ಲಿ ದುಂಡಗೆ ಬರೆದಿದ್ದೆ:
ಸಮಸ್ಯೆ – ಆರನೇ ತರಗತಿ ಬಾಯಿ ಬಿಡುವುದಿಲ್ಲ.
ಕಾರಣ – ಮನೆಮಾತು ತೆಲುಗು, ರಾತ್ರಿಯೆಲ್ಲ ಹುಳದ ಕೆಲಸ,
ಪೋಷಕರ ಅಸಡ್ಡೆ.
ಈ ಕೊನೆಯದನ್ನು ಎಲ್ಲರೂ ಬರೆಯುತ್ತಾರೆ,
ನಾನೂ ಬರೆದೆ.

ಶಿಡ್ಲಘಟ್ಟ ದಾಟಿ ಒಂಬತ್ತು ಕಿಲೋಮೀಟರು ನಮ್ಮ ಶಾಲೆ.
ಕಿಟಕಿಯಾಚೆ ಹಿಪ್ಪುನೇರಳೆ, ಒಳಗೆ ಇಪ್ಪತ್ಮೂರು ತಲೆ,
ಪುಸ್ತಕದಂಚಿಗೆಲ್ಲ ಸೊಪ್ಪಿನ ಹಸಿರು ಕಲೆ.

ಗಣಿತದ ಶಮೀಮ್ ಟೀಚರಿಗೆ ಹೇಳಿದೆ:
ಹಿಂದಿನ ಬೆಂಚಲ್ಲಿ ಕೂತು ನೋಡಿ,
ಯಾರು ಮಾತಾಡಿದರೆ ಅವರ ಹೆಸರಿಗೊಂದು ಗೀಟು, ಸಾಕು.
ಅವರು ವಾಚು ಬಿಚ್ಚಿ ಡೆಸ್ಕಿನ ಮೇಲಿಟ್ಟುಕೊಂಡರು.

ನಾಲ್ಕನೇ ದಿನ, ಊಟದ ಡಬ್ಬಿ ಸರಿಸಿ,
ಅಂಜುತ್ತಲೇ ಹಾಳೆ ಮುಂದಿಟ್ಟರು.
ಮಕ್ಕಳ ಹೆಸರ ಮುಂದೆ ಬಯಲು.
ಕೆಳಗೆ, ಪೆನ್ಸಿಲಿನಲ್ಲಿ, ನನ್ನ ಹೆಸರು:
ಕೇಳಿದ ಪ್ರಶ್ನೆ ನಲವತ್ತೊಂದು.
ಉತ್ತರ ತಾವೇ ಹೇಳಿದ್ದು ಮೂವತ್ತಾರು.
ಕಾದದ್ದು, ಸರಾಸರಿ, ಒಂದೂವರೆ ಸೆಕೆಂಡು.

ಹದಿನೇಳು ವರ್ಷದ ಸರ್ವೀಸು ನನ್ನದು.
ವಾಚು ಸರಿಯಿಲ್ಲ ಎಂದೆ.
ಸಂಜೆ ಬಸ್ಸಿನಲ್ಲಿ ಎಣಿಸಿ ನೋಡಿದೆ –
ಚಿಲ್ಲರೆ ಕೇಳಿದ ಕಂಡಕ್ಟರೂ
ಅದಕ್ಕಿಂತ ಹೆಚ್ಚು ಕಾದ.

ಸೋಮವಾರ ಕೇಳಿದೆ: ಎಲೆ ಯಾಕೆ ಬಾಡುತ್ತೆ?
ಕೇಳಿ, ಬೆನ್ನ ಹಿಂದೆ ಬೆರಳು ಮಡಿಸಿದೆ.
ಒಂದು. ಎರಡು. ಫ್ಯಾನಿನ ಕಿರುಗುಟ್ಟು.
ಮೂರು. ನಾಲಗೆ ತುದಿಯಲ್ಲಿ ನನ್ನ ಉತ್ತರದ ತುರಿಕೆ.
ನಾಲ್ಕು. ಹೆಡ್ಮಾಸ್ಟರು ಇಣುಕಿದರು,
ಪಾಠವಿಲ್ಲವೇ ಎಂಬಂತೆ ನೋಡಿ ಹೋದರು.
ಐದು.
ಆರಕ್ಕೆ, ಗೋಡೆ ಮೂಲೆಯಿಂದ, ಗಂಗುಲಮ್ಮ:
‘ಕೊಯ್ದು ತಂದು ಒದ್ದೆ ಗೋಣಿ ಮುಚ್ಚದೆ ಇಟ್ರೆ ಮಿಸ್,
ನೀಳ್ಳು ಪೋತಾಯಿ.’

ತಿದ್ದಲಿಲ್ಲ ನಾನು.
ಇಲ್ಲ ಕಣೇ, ಬಿಸಿಲಿಗೆ ಎಂದ ಇನ್ನೊಬ್ಬ.
ಸಂಜೆ ಕೊಯ್ದಿದ್ದು ಬೇಗ ಬಾಡಲ್ಲ ಎಂದಳು ಮತ್ತೊಬ್ಬಳು.
ಸೊಪ್ಪಿನಿಂದ ಹುಳಕ್ಕೆ ಹೋಯಿತು ಜಗಳ:
ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದಂತೆ,
ತಲೆ ಎತ್ತಿ, ಅಲ್ಲಾಡದೆ, ಸತ್ತಂತೆ ಇರುತ್ತದಂತೆ.
ಪೊರೆ ಬಿಟ್ಟು ಏಳುವ ತನಕ
ಮನೆಯಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲವಂತೆ.

ನನಗೆ ಗೊತ್ತಿರಲಿಲ್ಲ.
ಶಮೀಮ್ ಗೀಟು ಹಾಕುವುದನ್ನೇ ಮರೆತಿದ್ದರು.

ಫಾರಂ ಶನಿವಾರದೊಳಗೆ ಕಳಿಸಬೇಕು.
‘ಪೋಷಕರ ಅಸಡ್ಡೆ’ಗೆ ಕಾಟು ಹೊಡೆದಿದ್ದೇನೆ.
ಸಮಸ್ಯೆಯ ಕಾಲಮ್ಮಿನಲ್ಲಿ ನನ್ನ ಹೆಸರು ಬರೆಯಲು
ಕೈ ಇನ್ನೂ ಬಂದಿಲ್ಲ.
ಫಲಿತಾಂಶ ಖಾಲಿ ಇದೆ.
ಕದಿರೇಶ ಮಾತ್ರ ಇವತ್ತೂ ಬಾಯಿ ಬಿಡಲಿಲ್ಲ,
ಎಂಟರವರೆಗೂ ಎಣಿಸಿದೆ.

ನಾಳೆ ಹತ್ತು.