ಮೊಟ್ಟೆ ಟ್ರೇಯಲ್ಲಿ ಉಳಿದದ್ದು

ಇಂಜಿನ್ ಕೂರಿಸಿ ಆಯಿತು.
ಶಿವಮೊಗ್ಗ, ಸಾಗರ ರಸ್ತೆ, ಸಂಜೆ ಏಳು.
ಪಕ್ಕದ ಶೆಡ್ಡಿನ ಲೇತು ನಿಂತಿದೆ,
ಸುಟ್ಟ ಕಬ್ಬಿಣದ ವಾಸನೆ ಮಾತ್ರ ಇನ್ನೂ ತಿರುಗುತ್ತಿದೆ.
ಪದ್ಮಿನಿಯ ಬಾನೆಟ್ಟು ತೆರೆದೇ ಇದೆ.
ಮೊಟ್ಟೆ ಟ್ರೇಯ ಮೂವತ್ತು ಗುಳಿಯಲ್ಲಿ
ಐದು ಖಾಲಿಯಾಗಿಲ್ಲ.

ರುಕ್ಸಾರ್ ಗುಳಿ ಗುಳಿಗೂ ನಂಬರು ಬರೆದಿದ್ದಳು,
ಬಿಚ್ಚಿದ್ದಕ್ಕೆಲ್ಲ ಮೊಬೈಲಿನಲ್ಲಿ ಫೋಟೋ.
ಡಿಪ್ಲೊಮಾ ಕೊನೆಯ ವರ್ಷ.
"ಅಣ್ಣಾ, ಇವಕ್ಕೆ ಫೋಟೋ ಇಲ್ಲ" ಅಂದಳು
ಬಸ್ಸಿನಲ್ಲಿ ಟಿಕೆಟು ಕಳಕೊಂಡವಳ ಮುಖ ಮಾಡಿ.

ಉಳಿಯಿತು ಅನ್ನಬೇಡ, ಮರೆತೆ ಅನ್ನು:
ಬೊನವೆಂಚರ್ ಮಾಸ್ಟ್ರು ಬೈಯುತ್ತಿದ್ದದ್ದು ಹೀಗೆ.
ಅವರು ಬೋಲ್ಟನ್ನು ನೋಡುತ್ತಿರಲಿಲ್ಲ,
ಬೆಂಚಿನ ಮೇಲೆ ಬೀಳಿಸಿ ಕೇಳುತ್ತಿದ್ದರು.
ಇಂಜಿನ್ನಿನದಾದರೆ ಣಂ ಅನ್ನುವುದು,
ಬಾಡಿಯದು ಟಪ್ ಅಂದು ಮಲಗುವುದು.
ಬಾಯಲ್ಲಿ ಎಲೆಅಡಿಕೆ, ಕಣ್ಣು ಮುಚ್ಚಿ,
"ಡೈನಮೋ ಕ್ಲಾಂಪಿಂದು, ಹೋಗು."
ಹೋಗಿ ನೋಡಿದರೆ ಅಲ್ಲೊಂದು ತೂತು
ಬಾಯಿ ಬಿಟ್ಟುಕೊಂಡು ಕಾಯುತ್ತಿರುವುದು.

ಹಾಗೇ ಶುರು ಮಾಡಿದೆವು.
ತಾಮ್ರದ ವಾಷರು. ಡ್ರೈನ್ ಪ್ಲಗ್ಗಿನ ಕೆಳಗೆ
ಚಪ್ಪಟೆಯಾಗಿ ಸೇವೆ ಮುಗಿಸಿದ್ದು. ಹೊಸದು ಹಾಕಿದ್ದೇವೆ.
ಕಿರುಬೆರಳುದ್ದದ ಸ್ಪ್ರಿಂಗು, ಕಾರ್ಬುರೇಟರಿನದು.
ರುಕ್ಸಾರ್ ನಾಲಿಗೆ ಕಚ್ಚಿಕೊಂಡಳು:
ಇದಿಲ್ಲದೆ ಹೋಗಿದ್ದರೆ, ಒತ್ತಿದ ಆಕ್ಸಿಲರೇಟರು ವಾಪಸು ಬರದೆ
ಗಾಡಿ ನೇರ ತುಂಗೆಗೆ ಇಳಿಯುತ್ತಿತ್ತು.
ಕಾಲು ಅಗಲಿಸಿದ ಸೀಳು ಪಿನ್ನು. ಬಗ್ಗಿದ್ದನ್ನು ಮತ್ತೆ ಹಾಕಬಾರದು, ಬಿಸಾಕು.
ನಾಲ್ಕನೆಯದು ಬಿದ್ದರೆ ಸದ್ದೇ ಇಲ್ಲ.
ಉಗುರಿನಿಂದ ಕೆರೆದೆ. ಹುಣಸೆ ಬೀಜ!
ಬ್ಯಾಟರಿ ತಟ್ಟೆಯಲ್ಲಿ ಎಷ್ಟು ವರ್ಷದ್ದೋ,
ಆಯಿಲು ಕುಡಿದು ಕಬ್ಬಿಣಕ್ಕಿಂತ ಕಬ್ಬಿಣವಾಗಿದ್ದು.
ಇಬ್ಬರೂ ನಕ್ಕೆವು.

ಐದನೆಯದಕ್ಕೆ ನಾನು ಸುಮ್ಮನಾದೆ.

ಹದಿಮೂರರ ಸ್ಪ್ಯಾನರು ಹಿಡಿಯುವ ತಲೆ,
ಕತ್ತಿಗೆ ತುಕ್ಕು, ಎಳೆ ಮಾತ್ರ ನಿನ್ನೆ ಕೊರೆದಂತೆ.
"ಎಲ್ಲಿ ಸಿಕ್ಕಿತು?"
"ಇಂಜಿನ್ ಎತ್ತಿದಾಗ ಅಡಿಯ ಸಂದಿಯಲ್ಲಿ ಕೆಸರಿನ ಉಂಡೆ ಇತ್ತಲ್ಲ,
ಸೀಮೆಎಣ್ಣೆಯಲ್ಲಿ ಕರಗಿಸಿದೆ, ಅದರ ಹೊಟ್ಟೆಯಲ್ಲಿ."
ಬೆಂಚಿನ ಮೇಲೆ ಬೀಳಿಸಿದೆ.
ಣಂ.

ಹದಿನೈದರ ಹುಡುಗ ನಾನು ಆಗ. ಗಾಡಿ ಇದೇ,
ಬೆಂಚ್ ಕ್ಲರ್ಕ್ ಮರುಳಪ್ಪನವರದು.
ಟೈಮಿಂಗ್ ಕವರಿನ ಕೆಳಮೂಲೆ. ಬೆರಳು ಜಾರಿತು.
ಬಿದ್ದ ಸದ್ದು ಕೇಳಿತು,
ನೆಲ ಮುಟ್ಟಿದ ಸದ್ದು ಕೇಳಲಿಲ್ಲ.
ಮಾಸ್ಟ್ರು ಟೀಗೆ ಹೋಗಿದ್ದರು.
ದಾರಕ್ಕೆ ಮ್ಯಾಗ್ನೆಟ್ಟು ಕಟ್ಟಿ ಇಳಿಸಿದೆ. ಅಂಗಾತ ಮಲಗಿ ತಡವಿದೆ.
ಆಮೇಲೆ ಡಬ್ಬಿಯಿಂದ, ಲೂನಾದ್ದೋ ಪಂಪ್‌ಸೆಟ್ಟಿನದ್ದೋ
ಒಂದನ್ನು ತಂದು, ಎರಡು ವಾಷರು ಕೊಟ್ಟು ತಿರುಗಿಸಿದೆ.
ಎಳೆ ಬೇರೆ. ಒಪ್ಪಲಿಲ್ಲ.
ಸ್ಪ್ಯಾನರಿಗೆ ಪೈಪು ತೊಡಿಸಿ ಒಪ್ಪಿಸಿದೆ.
ಮಾಸ್ಟ್ರು ಬಂದರು, ಮೂಲೆಯ ಮೇಲೆ ಒಮ್ಮೆ ಬೆರಳಾಡಿಸಿದರು,
ಒರೆಸು ಅಂದರು.
ಆ ಶನಿವಾರ ನನ್ನ ಕೂಲಿಯಲ್ಲಿ ಎರಡು ರೂಪಾಯಿ ಕಡಿಮೆ ಇತ್ತು.
ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

"ಹಾಗಾದರೆ ಅಸಲಿ ಇದು" ಅಂದಳು ರುಕ್ಸಾರ್.
"ನಾನು ಹದಿನೇಳನೇ ಗುಳಿಯಲ್ಲಿಟ್ಟು,
ಫೋಟೋ ನೋಡಿ ವಾಪಸು ಹಾಕಿದ್ದು ನಕಲಿ.
ತೆಗೀಲಾ?"
ಟಾರ್ಚು ಹಿಡಿದೆ. ತೆಗೆದಳು.
ಅಸಲಿಯನ್ನು ತೂತಿಗೆ ಕೊಟ್ಟಳು.
ಎರಡು ಸುತ್ತು ಹೋಯಿತು, ಆಮೇಲೆ ತಲೆಯಾಡಿಸಿತು,
ಬೇರೆಯವರ ಚಪ್ಪಲಿಗೆ ಕಾಲಿಟ್ಟ ಹಾಗೆ ಲೊಡಲೊಡ.
ಎಷ್ಟು ತಿರುವಿದರೂ ಅಷ್ಟೇ, ಕಚ್ಚಲಿಲ್ಲ.

ಮತ್ತೆ ಆ ಯಾವುದೋ ಬೋಲ್ಟನ್ನೇ ತಂದು,
ಅದರದೇ ಎರಡು ವಾಷರು ಸಮೇತ
ಕೈಯಲ್ಲೇ ತಿರುಗಿಸಿದಳು. ಬೆಣ್ಣೆಯ ಹಾಗೆ ಹೋಯಿತು.
ಕೊನೆಯ ಅರ್ಧ ಸುತ್ತಿಗೆ ಮಾತ್ರ ಸ್ಪ್ಯಾನರು.

ಚಾಲೂ ಮಾಡಿದೆವು. ಎರಡು ಸಲ ಕೆಮ್ಮಿ ಹಿಡಿಯಿತು.
ಮೂಲೆಗೆ ಬಿಳಿ ಬಟ್ಟೆ ಒತ್ತಿ ನೋಡಿದೆ:
ಒಂದು ಹನಿ ಇಲ್ಲ.

ರುಕ್ಸಾರ್ ಬಿಲ್ಲು ಬರೆಯುತ್ತಿದ್ದಳು.
ಎರಡು ರೂಪಾಯಿ ಕಡಿಮೆ ಹಾಕು ಅಂದೆ.
ಯಾಕೆ ಅಂತ ಕೇಳಿದಳು.