ಮೂರನೇ ಪುಟದ ಕೆಳಮೂಲೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದೆ,
ಪಂಕ್ಚರ್ ಅಂಗಡಿಯ ಮೇಲೆ, ನಮ್ಮ ಪತ್ರಿಕೆ.
ನಾಲ್ಕು ಪುಟ, ಎರಡು ರೂಪಾಯಿ.
ಸಂಜೆ ಐದಕ್ಕೆ, ಶಾಯಿ ಇನ್ನೂ ಹಸಿಯಿರುವಾಗಲೇ,
ಬಸ್ ಸ್ಟ್ಯಾಂಡಿಗೆ ಇಳಿಯುತ್ತದೆ.

ಆ ಮಂಗಳವಾರ ಮೊದಲ ಪುಟ ಬಾಯಿ ತೆರೆದು ಕೂತಿತ್ತು,
ಜಾಹೀರಾತು ಕೊಡುತ್ತೇನೆಂದವನು ಕೈಕೊಟ್ಟಿದ್ದ.
ಆಗ ಒಂದು ಫೋನು:
ತೂಕದ ದ್ಯಾವಪ್ಪ ಕ್ರೇಟಿಗೆ ಇನ್ನೂರು ಗ್ರಾಂ ನುಂಗುತ್ತಾನೆ.
ಯಾರು ಹೇಳಿದ್ದು, ಯಾಕೆ ಹೇಳಿದ್ದು, ಕೇಳಲಿಲ್ಲ.
ದ್ಯಾವಪ್ಪ ಕೂಗಳತೆಯಲ್ಲೇ ಇದ್ದ.
ಕಿಟಕಿ ತೆಗೆದು ಕರೆದಿದ್ದರೆ ಓಗೊಡುತ್ತಿದ್ದ.
ಕರೆಯಲಿಲ್ಲ.
ಐದು ಕಾಲಂ ಬರೆದೆ,
ಸಹಕಾರ ಸಂಘದ ಗುಂಪುಚಿತ್ರದಿಂದ
ಅವನ ಮುಖವಷ್ಟನ್ನೇ ಕತ್ತರಿಸಿ ಅಂಟಿಸಿದೆ.
ಚಿತ್ರದಲ್ಲಿ ನಗುತ್ತಿದ್ದ.
ನನ್ನ ತಲೆಬರಹದ ಕೆಳಗೆ ಆ ನಗು
ಸಿಕ್ಕಿಬಿದ್ದವನ ಭಂಡತನವಾಯಿತು.

ಮೂರು ದಿನಕ್ಕೆ ಇಲಾಖೆಯವರು ಬಂದು
ಮುದ್ರೆಯೊತ್ತಿದ ಬಟ್ಟುಗಳನ್ನಿಟ್ಟು ನೋಡಿದರು.
ತಕ್ಕಡಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.
ನಾವೂ ಪ್ರಾಮಾಣಿಕರು ತಾನೆ?
ಮೂರನೇ ಪುಟದಲ್ಲಿ, ಹಿಪ್ಪುನೇರಳೆ ಸೊಪ್ಪಿನ ದರದ ಕೆಳಗೆ
ಎರಡು ಸಾಲು ವಿಷಾದ,
ಇರುವೆಯೂ ಬಗ್ಗಿ ಓದಬೇಕಾದ ಅಕ್ಷರದಲ್ಲಿ.

ಮರುದಿನ ಮೆಟ್ಟಿಲು ಹತ್ತಿ ಬಂದ.
ಟೀ ಬೇಡ ಅಂದ.
ದರ್ಜಿಯ ಹತ್ತಿರ ಕಡ ತಂದ ಟೇಪು,
ಎರಡು ದಿನದ ಎರಡು ಪತ್ರಿಕೆ, ನನ್ನ ಮೇಜಿನ ಮೇಲೆ ಹರಡಿ
ಬಗ್ಗಿ ಅಳೆದ, ಎಲ್ಲವನ್ನೂ ಅಳೆಯುವ ಹಾಗೆ, ನಿಧಾನ.
'ತಪ್ಪು ಹನ್ನೊಂದು ಇಂಚು, ಸಾ.
ಒಪ್ಕೊಂಡಿದ್ದು ಮುಕ್ಕಾಲು ಇಂಚು.
ನಾನು ಹಿಂಗೆ ತೂಗಿದ್ದಿದ್ರೆ
ನೀವು ಏನಂತ ಬರೀತಿದ್ರಿ?'
ಟೇಪು ಸುತ್ತಿಕೊಂಡು ಇಳಿದು ಹೋದ.
ಮೇಜಿನ ಮೇಲೆ ಗೂಡಿನ ಕಮಟು ಉಳಿಯಿತು.

ಹೋದ ವರ್ಷ ಚಿಕ್ಕಬಳ್ಳಾಪುರದಲ್ಲಿ, ವರದಿಗಾರರ ಸಂಘದ ಸಭೆಗೆ
ಲುಸಾಕಾದಿಂದ ಒಬ್ಬಾಕೆ ಬಂದಿದ್ದಳು, ಹಿರಿಯ ಸಂಪಾದಕಿ.
ಅನುವಾದಕ ಅರ್ಧ ನುಂಗಿ ಅರ್ಧ ಹೇಳಿದ:
'ಸರ್ಕಾರದ ಬೆತ್ತ ಬೇಡವೆಂದೆವು,
ನಮ್ಮ ಕಿವಿ ನಾವೇ ಹಿಂಡಿಕೊಳ್ಳುತ್ತೇವೆ ಎಂದೆವು.
ಹೇಳುವುದು ಸುಲಭವಿತ್ತು.
ಆಮೇಲೆ ಪ್ರತಿ ಸಲ
ನಮ್ಮದೇ ಕೈ ನಮ್ಮದೇ ಕಿವಿಯವರೆಗೆ ಹೋಗಬೇಕಲ್ಲ,
ಎಷ್ಟು ದೂರ ಅದು!'
ನಾವು ಚಪ್ಪಾಳೆ ತಟ್ಟಿದೆವು, ಒಬ್ಬಟ್ಟು ತಿಂದೆವು.
ವರದಿಯಲ್ಲಿ ಆಕೆಯ ಹೆಸರನ್ನೇ ತಪ್ಪಾಗಿ ಅಚ್ಚು ಹಾಕಿದೆವು.
ಅದಕ್ಕೆ ಮುಕ್ಕಾಲು ಇಂಚೂ ಸಿಗಲಿಲ್ಲ.

ತೂಕದ ಕಟ್ಟೆಗೆ ವರ್ಷಕ್ಕೊಮ್ಮೆ ಪರೀಕ್ಷೆ.
ಇಲ್ಲಿ ಮೇಲೆ, ಈ ಮೇಜಿಗೆ,
ಬಟ್ಟು ಹಿಡಿದು ಬರುವವರು ಯಾರೂ ಇಲ್ಲ.
ಬರಬಾರದು ಎಂದು ನಾನೇ ಭಾಷಣ ಮಾಡಿದ್ದೇನೆ,
ಈಗಲೂ ಹಾಗೇ ಅನ್ನುತ್ತೇನೆ.
ಅದಕ್ಕೇ ಈ ರಾತ್ರಿ ನಿದ್ದೆಯಿಲ್ಲ.

ಹಳೆಯ ಗುಂಪುಚಿತ್ರ ಹುಡುಕಿ ತೆರೆದೆ.
ದ್ಯಾವಪ್ಪನ ಪಕ್ಕದಲ್ಲಿ ನಿಂತವನು ನಾನೇ,
ಅವನ ಕಿವಿಗೆ ಏನೋ ತಮಾಷೆ ಹೇಳುತ್ತಾ.
ಅದಕ್ಕೇ ಆ ನಗು.
ಕತ್ತರಿಸುವಾಗ ಮೊದಲು ಹೋದದ್ದು ನನ್ನ ಭುಜ.

ಇವತ್ತು ಮೊದಲ ಪುಟ, ಐದು ಕಾಲಂ, ಹನ್ನೊಂದು ಇಂಚು,
ಚಿತ್ರ ಪೂರ್ತಿ.
ಮಾಲೀಕರು ಎರಡು ಸಲ ಫೋನು ಮಾಡಿದರು.
ಜಾಹೀರಾತಿನವನೂ ಈಗ, ಇವತ್ತೇ, ಬಂದು ಕೂತಿದ್ದಾನೆ
ಅದೇ ಜಾಗ ಬೇಕೆಂದು.
ಗಂಟೆ ನಾಲ್ಕೂ ಇಪ್ಪತ್ತು.
ಕಿಟಕಿ ತೆಗೆದು ಕೂಗುತ್ತೇನೆ,
ಬಾರಪ್ಪ, ಅಚ್ಚಿಗೆ ಹೋಗುವ ಮೊದಲು ಒಮ್ಮೆ ಓದಿ ನೋಡು ಅಂತ.
ಕೆಳಗೆ ಕ್ರೇಟುಗಳ ಸದ್ದು.
ಇನ್ನೂ ಓಗೊಟ್ಟಿಲ್ಲ.